ತೆರಿಗೆ ಕಡಿತ ಮತ್ತು ಸಾರ್ವಜನಿಕ ಸೇವೆ: ಕಾರ್ಮಿಕ ಸಂಘದ ಬಜೆಟ್ ಮನವಿಪತ್ರವನ್ನು ಸಿದ್ಧಪಡಿಸುವ ಬಗೆ

ಬಜೆಟ್ ಹತ್ತಿರ ಬಂದಂತೆ ನಮ್ಮ ಸಂಘಗಳ ಕಚೇರಿಗಳಲ್ಲಿ ಹಿಂದಿನ ವರ್ಷದ ಮನವಿಪತ್ರವನ್ನು ಹೊರತೆಗೆದು, ದಿನಾಂಕ ತಿದ್ದಿ, ಒಂದೆರಡು ಬೇಡಿಕೆ ಸೇರಿಸಿ ಮತ್ತೆ ಟೈಪ್ ಮಾಡಿಸುವ ರೂಢಿಯಿದೆ. ಅದರಲ್ಲಿ "ಶ್ರೀಮಂತರಿಗೆ ಕೊಡುವ ತೆರಿಗೆ ರಿಯಾಯಿತಿಗಳನ್ನು ನಿಲ್ಲಿಸಿ, ಸಾರ್ವಜನಿಕ ಸೇವೆಗಳನ್ನು ಬಲಪಡಿಸಬೇಕು" ಎಂಬ ಸಾಲು ತಪ್ಪದೆ ಇರುತ್ತದೆ. ಆ ಸಾಲಿನಲ್ಲಿ ನನಗೆ ಪೂರ್ಣ ನಂಬಿಕೆಯಿದೆ. ಆದರೆ ಯಾವ ತೆರಿಗೆ, ಯಾವ ಸರ್ಕಾರ, ಎಷ್ಟು ಹಣ, ಯಾವ ಸೇವೆ ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರವಿಲ್ಲದ ಮನವಿಯನ್ನು ಹಣಕಾಸು ಇಲಾಖೆಯವರು ಓದಿ, ಕಡತಕ್ಕೆ ಸೇರಿಸಿ, ಮರೆತುಬಿಡುತ್ತಾರೆ. ಈ ನಾಲ್ಕಕ್ಕೂ ಉತ್ತರ ಹುಡುಕಿಕೊಂಡು, ಎರಡು ಪುಟ ಮೀರದ, ಪ್ರಶ್ನಿಸಿದರೆ ನಿಲ್ಲಬಲ್ಲ ಮನವಿಪತ್ರವನ್ನು ಶಾಖಾ ಮಟ್ಟದ ಕಾರ್ಯಕರ್ತರೇ ಹೇಗೆ ಸಿದ್ಧಪಡಿಸಬಹುದು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಮೊದಲು ತೆರಿಗೆ ಯಾರ ಕೈಯಲ್ಲಿದೆ ಎಂದು ಗುರುತಿಸಿ

ಕೆಲವು ವರ್ಷಗಳ ಹಿಂದೆ ನಾವು ಹನ್ನೆರಡು ಮಂದಿ ರಾಜ್ಯ ಸರ್ಕಾರದ ಒಂದು ಕಚೇರಿಗೆ ನಿಯೋಗ ಹೋಗಿದ್ದೆವು. ಬೆಳಗಿನ ಬಸ್ಸಿಗೆ ಹೊರಟು, ಮಧ್ಯಾಹ್ನದವರೆಗೆ ಕಾದು, ಒಳಗೆ ಕರೆದಾಗ ನಮ್ಮ ಮನವಿಯ ಮೊದಲ ಬೇಡಿಕೆಯನ್ನು ಗಟ್ಟಿಯಾಗಿ ಓದಿದೆವು: ಸಂಪತ್ತಿನ ತೆರಿಗೆಯನ್ನು ಮರಳಿ ತರಬೇಕು. ಅಲ್ಲಿದ್ದ ಅಧಿಕಾರಿ ಕಾಗದವನ್ನು ಪಕ್ಕಕ್ಕಿಟ್ಟು, "ಇದು ದೆಹಲಿಗೆ ಬರೆಯಬೇಕಾದ ಪತ್ರ" ಎಂದರು. ಅವರು ಹೇಳಿದ್ದು ಸರಿಯಾಗಿತ್ತು. ಉಳಿದ ಒಂಬತ್ತು ಬೇಡಿಕೆಗಳು, ಅವುಗಳಲ್ಲಿ ಆರು ರಾಜ್ಯಕ್ಕೇ ಸೇರಿದ್ದವು, ಆ ಒಂದು ಮಾತಿನ ಕೆಳಗೆ ಮುಚ್ಚಿಹೋದವು.

ಆದಾಯ ತೆರಿಗೆ, ಕಾರ್ಪೊರೇಟ್ ತೆರಿಗೆ, ಸೀಮಾ ಸುಂಕ, ರದ್ದಾಗಿರುವ ಸಂಪತ್ತಿನ ತೆರಿಗೆ, ಇವೆಲ್ಲ ಕೇಂದ್ರದ ವ್ಯಾಪ್ತಿಗೆ ಬರುತ್ತವೆ. ಮುದ್ರಾಂಕ ಮತ್ತು ನೋಂದಣಿ ಶುಲ್ಕ, ಮೋಟಾರು ವಾಹನ ತೆರಿಗೆ, ಮದ್ಯದ ಮೇಲಿನ ಅಬಕಾರಿ ಸುಂಕ, ಪೆಟ್ರೋಲ್ ಮತ್ತು ಡೀಸೆಲ್ ಮೇಲಿನ ಮಾರಾಟ ತೆರಿಗೆ, ವೃತ್ತಿ ತೆರಿಗೆ ಇವು ರಾಜ್ಯದವು. ಜಿಎಸ್‌ಟಿ ದರಗಳನ್ನು ಕೇಂದ್ರ ಮತ್ತು ರಾಜ್ಯಗಳೆರಡೂ ಸದಸ್ಯರಾಗಿರುವ ಜಿಎಸ್‌ಟಿ ಮಂಡಳಿ ನಿರ್ಧರಿಸುತ್ತದೆ. ಆಸ್ತಿ ತೆರಿಗೆ ನಗರಸಭೆ, ಪಂಚಾಯಿತಿಗಳದ್ದು. ಆದ್ದರಿಂದ ಒಂದೇ ಮನವಿಯನ್ನು ಎಲ್ಲರಿಗೂ ಕಳುಹಿಸಬಾರದು. ಕೇಂದ್ರಕ್ಕೊಂದು, ರಾಜ್ಯಕ್ಕೊಂದು ಎಂದು ಪ್ರತ್ಯೇಕವಾಗಿ ಬರೆಯಬೇಕು. ರಾಜ್ಯಕ್ಕೆ ಬರೆಯುವ ಮನವಿಯಲ್ಲಿ ಕೇಂದ್ರದ ತೆರಿಗೆಯನ್ನು ಪ್ರಸ್ತಾಪಿಸಲೇಬೇಕಾದರೆ, ಅದನ್ನು ತೆರಿಗೆ ಪಾಲಿನ ಪ್ರಶ್ನೆಯಾಗಿ ಇಡಬೇಕು. ಅದು ಹೇಗೆಂದು ಮುಂದೆ ಹೇಳುತ್ತೇನೆ.

ಬಿಟ್ಟುಕೊಟ್ಟ ಹಣದ ಅಂಕಿಯನ್ನು ಸರ್ಕಾರದ ಬಾಯಿಂದಲೇ ಪಡೆಯಿರಿ

ತೆರಿಗೆ ಕಡಿತವೂ ಒಂದು ಬಗೆಯ ಖರ್ಚೇ ಎಂಬುದು ನಮ್ಮ ವಾದದ ತಿರುಳು. ಬೊಕ್ಕಸಕ್ಕೆ ಬಂದ ನೂರು ರೂಪಾಯಿಯನ್ನು ಆಸ್ಪತ್ರೆಗೆ ಕೊಡುವುದು ಹೇಗೆ ಒಂದು ತೀರ್ಮಾನವೋ, ಬರಬೇಕಾದ ನೂರು ರೂಪಾಯಿಯನ್ನು ಬೇಡವೆನ್ನುವುದೂ ಹಾಗೆಯೇ ಒಂದು ತೀರ್ಮಾನ. ಮೊದಲನೆಯದು ಶಾಸನಸಭೆಯಲ್ಲಿ ಬೇಡಿಕೆಯಾಗಿ ಮಂಡನೆಯಾಗಿ ಚರ್ಚೆಗೆ ಬರುತ್ತದೆ, ಎರಡನೆಯದು ಹಾಗೆ ಪ್ರತಿ ವರ್ಷ ಚರ್ಚೆಗೆ ಬರುವುದಿಲ್ಲ. ಅದನ್ನು ಕಾಣುವಂತೆ ಮಾಡುವುದು ಸಂಘದ ಕೆಲಸ, ಮತ್ತು ಅದಕ್ಕೆ ಬೇಕಾದ ಅಂಕಿಗಳು ಸರ್ಕಾರದ ದಾಖಲೆಗಳಲ್ಲಿಯೇ ಇವೆ.

2019ರ ಸೆಪ್ಟೆಂಬರ್ 20ರಂದು ಕೇಂದ್ರ ಸರ್ಕಾರ ಸುಗ್ರೀವಾಜ್ಞೆಯ ಮೂಲಕ, ಇತರ ವಿನಾಯಿತಿಗಳನ್ನು ಬಿಟ್ಟುಕೊಡುವ ಕಂಪನಿಗಳಿಗೆ ಮೂಲ ತೆರಿಗೆ ದರವನ್ನು 22 ಶೇಕಡಕ್ಕೆ ಇಳಿಸಿತು. ಸರ್ಚಾರ್ಜ್ (ತೆರಿಗೆಯ ಮೇಲೆ ಹಾಕುವ ಹೆಚ್ಚುವರಿ ತೆರಿಗೆ) ಮತ್ತು ಸೆಸ್ (ನಿರ್ದಿಷ್ಟ ಉದ್ದೇಶದ ಹೆಸರಿನಲ್ಲಿ ಹಾಕುವ ಉಪಕರ) ಸೇರಿ ಅದು 25.17 ಶೇಕಡ ಆಗುತ್ತದೆ. ಹೊಸದಾಗಿ ಆರಂಭವಾಗುವ ತಯಾರಿಕಾ ಕಂಪನಿಗಳಿಗೆ ಮೂಲ ದರ 15 ಶೇಕಡ ಎಂದು ನಿಗದಿಯಾಯಿತು. ಇದರಿಂದ ವರ್ಷಕ್ಕೆ 1.45 ಲಕ್ಷ ಕೋಟಿ ರೂಪಾಯಿ ವರಮಾನ ಕೈಬಿಟ್ಟುಹೋಗುತ್ತದೆ ಎಂದು ಹೇಳಿದವರು ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರೇ. 2025ರ ಫೆಬ್ರವರಿಯ ಬಜೆಟ್‌ನಲ್ಲಿ ಆದಾಯ ತೆರಿಗೆಯ ಹೊಸ ಪದ್ಧತಿಯಡಿ 12 ಲಕ್ಷ ರೂಪಾಯಿವರೆಗಿನ ಆದಾಯಕ್ಕೆ ತೆರಿಗೆ ಇಲ್ಲವೆಂದಾಗಲೂ, ನೇರ ತೆರಿಗೆಯಲ್ಲಿ ಸುಮಾರು 1 ಲಕ್ಷ ಕೋಟಿ ರೂಪಾಯಿ ಬಿಟ್ಟುಕೊಡಲಾಗುತ್ತಿದೆ ಎಂಬ ಮಾತು ಬಜೆಟ್ ಭಾಷಣದಲ್ಲಿಯೇ ಬಂದಿತು. ಇವಲ್ಲದೆ, ಸರ್ಕಾರಕ್ಕೆ ಬರುವ ಹಣದ ಲೆಕ್ಕವಿರುವ ಕೇಂದ್ರ ಬಜೆಟ್‌ನ ಸ್ವೀಕೃತಿ ಸಂಪುಟಕ್ಕೆ ಲಗತ್ತಾಗಿ, ತೆರಿಗೆ ವಿನಾಯಿತಿಗಳಿಂದ ವರಮಾನದ ಮೇಲಾಗುವ ಪರಿಣಾಮದ ಪಟ್ಟಿಯೂ ಇರುತ್ತದೆ. ಹಿಂದೆ ಅದನ್ನು 'ಕೈಬಿಟ್ಟ ವರಮಾನದ ಪಟ್ಟಿ' ಎಂಬರ್ಥದ ಹೆಸರಿನಿಂದ ಕರೆಯುತ್ತಿದ್ದರು. ದರ ಇಳಿಕೆಯ ನಷ್ಟ ಮತ್ತು ಈ ಪಟ್ಟಿಯಲ್ಲಿರುವ ವಿನಾಯಿತಿಗಳ ನಷ್ಟ ಬೇರೆ ಬೇರೆ ಲೆಕ್ಕಗಳಾದ್ದರಿಂದ ಎರಡನ್ನೂ ಕೂಡಿಸಿ ದೊಡ್ಡ ಅಂಕಿ ಮಾಡಿ ತೋರಿಸಬಾರದು. ಹಾಗೆ ಮಾಡಿದ ಮನವಿ ಮೊದಲ ಪ್ರಶ್ನೆಗೇ ಕುಸಿಯುತ್ತದೆ.

ಸೇವೆಯ ಲೆಕ್ಕವನ್ನು ಅದೇ ಅಳತೆಗೆ ತನ್ನಿ

1.45 ಲಕ್ಷ ಕೋಟಿ ಎಂಬುದು ಯಾರ ಮನಸ್ಸಿಗೂ ನಿಲುಕದ ಅಂಕಿ. ಅದರ ಎದುರಿಗೆ ನಿಮ್ಮ ಸದಸ್ಯರು ಮಾಡುವ ಒಂದು ಕೆಲಸವನ್ನು ಇಟ್ಟು ತೋರಿಸಬೇಕು. ನಾನು ಅಂಗನವಾಡಿಯ ಉದಾಹರಣೆ ತೆಗೆದುಕೊಳ್ಳುತ್ತೇನೆ, ಏಕೆಂದರೆ ಊರಿನ ಮಗುವಿನ ಮೊದಲ ಬಿಸಿಯೂಟ, ಮೊದಲ ತೂಕ, ಮೊದಲ ಪಾಠ ಆಗುವುದು ಅಲ್ಲಿ. ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಆರಂಭವಾದಾಗ ಅವುಗಳಲ್ಲಿ ಮೈಸೂರು ಜಿಲ್ಲೆಯ ನಮ್ಮ ಟಿ. ನರಸೀಪುರವೂ ಒಂದಾಗಿತ್ತು. ಐವತ್ತು ವರ್ಷ ಕಳೆದರೂ ಅಂಗನವಾಡಿ ಕಾರ್ಯಕರ್ತೆ ಪಡೆಯುವುದು ಗೌರವಧನವನ್ನು, ವೇತನವನ್ನಲ್ಲ. ಸೇವೆ ಮುಗಿದಾಗ ಇಡಿಗಂಟು ಕೊಡಿಸುವ ಗ್ರಾಚ್ಯುಟಿ ಕಾಯ್ದೆ ಅವರಿಗೂ ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ 2022ರ ಏಪ್ರಿಲ್‌ನಲ್ಲಿ ಹೇಳಬೇಕಾಯಿತು.

ಕೇಂದ್ರದ ಮಾನದಂಡದಂತೆ ಕಾರ್ಯಕರ್ತೆಯ ತಿಂಗಳ ಗೌರವಧನ 4,500 ರೂಪಾಯಿ, ಸಹಾಯಕಿಯದು 2,250 ರೂಪಾಯಿ ಎಂದು ನಿಗದಿಯಾದದ್ದು 2018ರ ಅಕ್ಟೋಬರ್‌ನಿಂದ. ಕರ್ನಾಟಕದಂಥ ಹೆಚ್ಚಿನ ರಾಜ್ಯಗಳಲ್ಲಿ ಇದರಲ್ಲಿ ಕೇಂದ್ರದ ಪಾಲು 60 ಶೇಕಡ, ರಾಜ್ಯದ್ದು 40 ಶೇಕಡ. ಅದರ ಮೇಲೆ ರಾಜ್ಯಗಳು ತಮ್ಮ ಬೊಕ್ಕಸದಿಂದ ಸೇರಿಸಿ ಕೊಡುತ್ತವೆ. ಅದಾಗಿ ಒಂದು ವರ್ಷದೊಳಗೆ ಕಾರ್ಪೊರೇಟ್ ತೆರಿಗೆ ಇಳಿಯಿತು. ಈಗ ಲೆಕ್ಕ ಹಾಕಿ. ದೇಶದಲ್ಲಿ ಕಾರ್ಯಕರ್ತೆಯರು ಮತ್ತು ಸಹಾಯಕಿಯರು ಸೇರಿ ಸುಮಾರು 25 ಲಕ್ಷ ಮಂದಿ ಇದ್ದಾರೆ. ಪ್ರತಿಯೊಬ್ಬರಿಗೂ ತಿಂಗಳಿಗೆ 1,000 ರೂಪಾಯಿ ಹೆಚ್ಚಿಸಿದರೆ ತಿಂಗಳಿಗೆ 250 ಕೋಟಿ, ವರ್ಷಕ್ಕೆ 3,000 ಕೋಟಿ ರೂಪಾಯಿ. ಇದು 1.45 ಲಕ್ಷ ಕೋಟಿಯ ನೂರರಲ್ಲಿ ಎರಡು ಭಾಗ. 60 ಶೇಕಡದ ಲೆಕ್ಕದಲ್ಲಿ ಕೇಂದ್ರದ ಪಾಲನ್ನಷ್ಟೇ ತೆಗೆದುಕೊಂಡರೆ 1,800 ಕೋಟಿ. ಈ ಲೆಕ್ಕವನ್ನು ಕರಪತ್ರದ ಹಿಂಬದಿಯಲ್ಲಿ ಪೆನ್ನಿನಿಂದ ಬರೆದು ತೋರಿಸಬಹುದು, ಮತ್ತು ಅದನ್ನು ಒಮ್ಮೆ ನೋಡಿದ ಕಾರ್ಯಕರ್ತೆ ತನ್ನ ಕೇಂದ್ರದ ಎದುರು ನಿಂತು ಇನ್ನೊಬ್ಬರಿಗೆ ವಿವರಿಸಬಲ್ಲಳು. ಮನವಿಯಲ್ಲಿ ಇಂಥ ಲೆಕ್ಕ ಒಂದೇ ಇದ್ದರೂ ಸಾಕು.

ನಿಮ್ಮ ಸದಸ್ಯರು ಆಸ್ಪತ್ರೆಯವರೋ, ಸಾರಿಗೆಯವರೋ, ಶಾಲೆಯವರೋ ಆಗಿದ್ದರೆ ಖಾಲಿ ಹುದ್ದೆಗಳ ಸಂಖ್ಯೆ ನಿಮಗೆ ಬೇಕಾಗುತ್ತದೆ. ಪತ್ರಿಕೆಯಲ್ಲಿ ಬಂದ ರಾಜ್ಯ ಮಟ್ಟದ ಅಂಕಿಗಿಂತ ನಿಮ್ಮ ಜಿಲ್ಲೆಯ ಅಂಕಿ ಹೆಚ್ಚು ಬಲವುಳ್ಳದ್ದು. ಅದನ್ನು ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಿ. ಕರ್ನಾಟಕದ ನಿಯಮಗಳಂತೆ ಒಂದು ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು ಮತ್ತು ಸಾಮಾನ್ಯವಾಗಿ 150 ಪದಗಳನ್ನು ಮೀರಬಾರದು. ಶುಲ್ಕ 10 ರೂಪಾಯಿ, ಅದನ್ನು ಅಂಚೆ ಕಚೇರಿಯ ಪೋಸ್ಟಲ್ ಆರ್ಡರ್ ಮೂಲಕ ಕೊಡಬಹುದು. ಪ್ರಶ್ನೆಯನ್ನು ಹೀಗೆ ಬರೆದರೆ ಸಾಕು: "ಈ ಜಿಲ್ಲೆಗೆ ಸಂಬಂಧಿಸಿದಂತೆ, ಕಳೆದ ಮಾರ್ಚ್ 31ಕ್ಕೆ ಇದ್ದಂತೆ, ತಮ್ಮ ಇಲಾಖೆಯಲ್ಲಿ ವೃಂದವಾರು ಮಂಜೂರಾದ ಹುದ್ದೆಗಳು, ಭರ್ತಿಯಾದ ಹುದ್ದೆಗಳು, ಖಾಲಿ ಹುದ್ದೆಗಳು ಮತ್ತು ಹೊರಗುತ್ತಿಗೆಯಲ್ಲಿ ಕೆಲಸ ಮಾಡುತ್ತಿರುವವರ ಸಂಖ್ಯೆಯನ್ನು ಒದಗಿಸುವುದು." "ಏಕೆ ಭರ್ತಿ ಮಾಡಿಲ್ಲ?" ಎಂದು ಕೇಳಬೇಡಿ. ಕಾರಣ ಕೇಳಿದ ಅರ್ಜಿ ದಾಖಲೆಯಲ್ಲಿರುವ ಮಾಹಿತಿಯಲ್ಲ ಎಂಬ ಹಿಂಬರಹದೊಡನೆ ಮರಳಿ ಬರುವುದೇ ಹೆಚ್ಚು. ಉತ್ತರ ಕೊಡಲು ಕಾಯ್ದೆಯಲ್ಲಿ 30 ದಿನಗಳ ಅವಕಾಶವಿರುವುದರಿಂದ, ಮೇಲ್ಮನವಿಯ ಕಾಲವನ್ನೂ ಸೇರಿಸಿಕೊಂಡು, ಅಕ್ಟೋಬರ್‌ನಲ್ಲಿಯೇ ಅರ್ಜಿ ಹಾಕಬೇಕು.

ರಾಜ್ಯದ ಪಾಲು ಎಲ್ಲಿ ಸೋರುತ್ತದೆ

ಶಿಕ್ಷಕರು, ದಾದಿಯರು, ಪೊಲೀಸರು, ಬಸ್ ಸಿಬ್ಬಂದಿ ಇವರಲ್ಲಿ ಹೆಚ್ಚಿನವರು ರಾಜ್ಯದ ಹಣದಿಂದ ನಡೆಯುವ ಸೇವೆಗಳಲ್ಲಿದ್ದಾರೆ. ದೆಹಲಿಯಲ್ಲಿ ಆಗುವ ತೆರಿಗೆ ಕಡಿತ ಅವರನ್ನು ಹೇಗೆ ಮುಟ್ಟುತ್ತದೆ ಎಂಬುದನ್ನು ಸಂಘಗಳು ಸಾಕಷ್ಟು ವಿವರಿಸಿಲ್ಲ ಎಂಬುದು ನನ್ನ ಕೊರಗು. ಕೇಂದ್ರದ ತೆರಿಗೆಯಲ್ಲಿ ರಾಜ್ಯಗಳ ಪಾಲನ್ನು ಶಿಫಾರಸು ಮಾಡುವುದು ಹಣಕಾಸು ಆಯೋಗ. 15ನೇ ಹಣಕಾಸು ಆಯೋಗದ 2021ರಿಂದ 2026ರ ವರೆಗಿನ ಅವಧಿಗೆ, ಕೇಂದ್ರವು ರಾಜ್ಯಗಳೊಡನೆ ಹಂಚಿಕೊಳ್ಳಬೇಕಾದ ತೆರಿಗೆಗಳಲ್ಲಿ, ಅಂದರೆ ಹಂಚಿಕೆಯೋಗ್ಯ ತೆರಿಗೆಗಳಲ್ಲಿ, 41 ಶೇಕಡ ರಾಜ್ಯಗಳಿಗೆ ಸೇರುತ್ತಿತ್ತು, ಅದರಲ್ಲಿ ಕರ್ನಾಟಕದ ಪಾಲು 3.647 ಶೇಕಡ ಇತ್ತು. ಅಂದರೆ ಹಂಚಿಕೆಯೋಗ್ಯ ತೆರಿಗೆಯಲ್ಲಿ ಪ್ರತಿ 1,000 ಕೋಟಿ ಕಡಿಮೆಯಾದಾಗ ರಾಜ್ಯಗಳು ಒಟ್ಟು 410 ಕೋಟಿಯನ್ನು, ಕರ್ನಾಟಕ ಸುಮಾರು 15 ಕೋಟಿಯನ್ನು ಕಳೆದುಕೊಳ್ಳುತ್ತಿದ್ದವು. 14ನೇ ಆಯೋಗದ ಕಾಲದಲ್ಲಿ ರಾಜ್ಯಗಳ ಪಾಲು 42 ಶೇಕಡ, ಕರ್ನಾಟಕದ್ದು 4.713 ಶೇಕಡ ಇದ್ದುದರಿಂದ ಅದೇ 1,000 ಕೋಟಿಯಲ್ಲಿ ನಮಗೆ ಸುಮಾರು 20 ಕೋಟಿ ಬರುತ್ತಿತ್ತು. 2026ರ ಏಪ್ರಿಲ್‌ನಿಂದ 16ನೇ ಆಯೋಗದ ಅವಧಿಯಾದ್ದರಿಂದ, ಮನವಿ ಬರೆಯುವ ವರ್ಷಕ್ಕೆ ಅನ್ವಯವಾಗುವ ಪಾಲನ್ನೇ ಹಾಕಿ ಲೆಕ್ಕ ಮಾಡಬೇಕು.

ಸೆಸ್ ಮತ್ತು ಸರ್ಚಾರ್ಜ್‌ಗಳು ಈ ಹಂಚಿಕೆಯ ಹೊರಗೆ ಉಳಿಯುತ್ತವೆ. 2015ರ ಬಜೆಟ್‌ನಲ್ಲಿ ಅರುಣ್ ಜೇಟ್ಲಿ ಅವರು ಸಂಪತ್ತಿನ ತೆರಿಗೆಯನ್ನು ರದ್ದುಪಡಿಸಿ, ವರ್ಷಕ್ಕೆ 1 ಕೋಟಿ ರೂಪಾಯಿ ಮೀರಿದ ಆದಾಯವುಳ್ಳವರ ಮೇಲೆ 2 ಶೇಕಡ ಹೆಚ್ಚುವರಿ ಸರ್ಚಾರ್ಜ್ ಹಾಕಿದರು. ಸಂಪತ್ತಿನ ತೆರಿಗೆಯಿಂದ 2013-14ರಲ್ಲಿ ಬಂದದ್ದು 1,008 ಕೋಟಿ, ಸರ್ಚಾರ್ಜ್‌ನಿಂದ ಸುಮಾರು 9,000 ಕೋಟಿ ಬರುತ್ತದೆ ಎಂಬುದು ಅವರ ವಾದವಾಗಿತ್ತು. ಸಂಪತ್ತಿನ ತೆರಿಗೆ ಬೇಕೆನ್ನುವ ನಾವು ಈ ಅಂಕಿಗಳನ್ನು ಮರೆಮಾಚದೆ ಎದುರಿಸಬೇಕು. ಕಂಪನಿಗಳ ಷೇರುಗಳಂಥ ಹಣಕಾಸು ಆಸ್ತಿಗಳನ್ನು 1990ರ ದಶಕದಲ್ಲಿಯೇ ಆ ತೆರಿಗೆಯಿಂದ ಹೊರಗಿಟ್ಟಿದ್ದರಿಂದ ಅದರ ಬುಡವೇ ಕಿರಿದಾಗಿತ್ತು, ದೊಡ್ಡ ಸಂಪತ್ತು ಇರುವುದು ಷೇರುಗಳಲ್ಲಿ, ಆದ್ದರಿಂದ ಬೇಕಾಗಿರುವುದು ಹಳೆಯ ಕಾಯ್ದೆಯಲ್ಲ, ಷೇರುಗಳನ್ನೂ ಒಳಗೊಂಡ ಹೊಸ ತೆರಿಗೆ ಎಂದು ಸ್ಪಷ್ಟವಾಗಿ ಬರೆಯಬೇಕು. ಬದಲಿಗೆ ಬಂದ ಸರ್ಚಾರ್ಜ್‌ನಲ್ಲಿ ರಾಜ್ಯಗಳಿಗೆ ಬಿಡಿಗಾಸಿನ ಪಾಲೂ ಇಲ್ಲ ಎಂಬುದನ್ನು ರಾಜ್ಯ ಸರ್ಕಾರಕ್ಕೆ ಕೊಡುವ ಮನವಿಯಲ್ಲಿ ಸೇರಿಸಿ, ಈ ವಿಷಯವನ್ನು ಕೇಂದ್ರದ ಮುಂದೆ ಎತ್ತುವಂತೆ ಕೋರಬೇಕು. ತೀರಿಕೊಂಡವರ ಆಸ್ತಿಯ ಮೇಲೆ 1953ರಿಂದ 1985ರ ವರೆಗೆ ಇದ್ದ ಎಸ್ಟೇಟ್ ಸುಂಕದ ವಿಷಯದಲ್ಲಿಯೂ ಅಲ್ಪ ವರಮಾನದ ಆಕ್ಷೇಪವೇ ಕೇಳಿಬರುತ್ತದೆ. ಉತ್ತರಾಧಿಕಾರ ತೆರಿಗೆಯನ್ನು ಕೇಳುವವರು ಅದಕ್ಕೂ ಸಿದ್ಧರಾಗಿರಬೇಕು.

ನಮ್ಮದೇ ತೆರಿಗೆ ಕಡಿತದ ಬೇಡಿಕೆಯನ್ನು ಏನು ಮಾಡುವುದು

ಇದು ಸಂಘಗಳು ಹೆಚ್ಚು ಮುಜುಗರಪಡುವ ಜಾಗ, ಆದ್ದರಿಂದಲೇ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. 2025ರ ಜನವರಿಯಲ್ಲಿ ಹಣಕಾಸು ಸಚಿವರೊಡನೆ ನಡೆದ ಬಜೆಟ್ ಪೂರ್ವ ಸಭೆಯಲ್ಲಿ ಕೇಂದ್ರ ಕಾರ್ಮಿಕ ಸಂಘಟನೆಗಳ ನಾಯಕರು ಅತಿ ಶ್ರೀಮಂತರ ಮೇಲೆ ಹೆಚ್ಚಿನ ತೆರಿಗೆ ಹಾಕಬೇಕು, ಸಾರ್ವಜನಿಕ ಉದ್ದಿಮೆಗಳ ಖಾಸಗೀಕರಣ ನಿಲ್ಲಬೇಕು, ಭವಿಷ್ಯ ನಿಧಿಯ ಕನಿಷ್ಠ ಪಿಂಚಣಿಯನ್ನು 1,000 ರೂಪಾಯಿಯಿಂದ 5,000ಕ್ಕೆ ಏರಿಸಬೇಕು ಎಂದು ಕೇಳಿದರು. ಅದೇ ಸಭೆಯಲ್ಲಿ ಆದಾಯ ತೆರಿಗೆ ವಿನಾಯಿತಿಯ ಮಿತಿಯನ್ನು 10 ಲಕ್ಷಕ್ಕೆ ಏರಿಸಬೇಕೆಂಬ ಬೇಡಿಕೆಯೂ ಬಂದಿತು. ಬಜೆಟ್‌ನಲ್ಲಿ ಕೊನೆಯದಕ್ಕೆ ಕೇಳಿದ್ದಕ್ಕಿಂತ ಹೆಚ್ಚು ಸಿಕ್ಕಿತು. ಹಾಗಿದ್ದರೆ ತೆರಿಗೆ ಕಡಿತ ತಪ್ಪೆಂದು ನಾವು ಹೇಳುವುದು ಯಾವ ಬಾಯಿಂದ ಎಂದು ಯಾರಾದರೂ ಕೇಳುತ್ತಾರೆ, ಮತ್ತು ಕೇಳಬೇಕು ಕೂಡ.

ಪ್ರಾಮಾಣಿಕವಾದ ಉತ್ತರ ಎರಡು ಭಾಗಗಳಲ್ಲಿದೆ. ಸಂಬಳದಾರರ ತೆರಿಗೆ ಮೂಲದಲ್ಲಿಯೇ ಕಡಿತವಾಗುತ್ತದೆ, ತಪ್ಪಿಸಿಕೊಳ್ಳುವ ದಾರಿಯಿಲ್ಲ, ಬೆಲೆ ಏರಿದಂತೆ ತುಟ್ಟಿಭತ್ಯೆ ಏರಿ ಅವರು ಮೇಲಿನ ಹಂತಕ್ಕೆ ತಳ್ಳಲ್ಪಡುತ್ತಾರೆ, ಆದ್ದರಿಂದ ಮಿತಿಯನ್ನು ಕಾಲಕಾಲಕ್ಕೆ ಪರಿಷ್ಕರಿಸುವುದು ನ್ಯಾಯ. ಆದರೆ ಅಂಗನವಾಡಿ ಕಾರ್ಯಕರ್ತೆಗೆ, ಹೊರಗುತ್ತಿಗೆಯ ಡಿ ಗುಂಪಿನ ನೌಕರನಿಗೆ, ಪೌರಕಾರ್ಮಿಕರಿಗೆ ಈ ಕಡಿತದಿಂದ ಒಂದು ರೂಪಾಯಿಯೂ ಸಿಗುವುದಿಲ್ಲ, ಏಕೆಂದರೆ ಅವರು ಮೊದಲಿಂದಲೂ ಆ ಮಿತಿಯ ಕೆಳಗಿದ್ದಾರೆ. ಅವರು ಕಟ್ಟುವುದು ಸೋಪಿನ ಮೇಲೆ, ಹಲ್ಲುಪೇಸ್ಟಿನ ಮೇಲೆ, ಬಸ್ಸಿನ ಡೀಸೆಲ್ ಮೇಲೆ. 2025ರ ಸೆಪ್ಟೆಂಬರ್ 22ರಿಂದ ಸ್ನಾನದ ಸೋಪು, ಪೇಸ್ಟುಗಳ ಜಿಎಸ್‌ಟಿ 18ರಿಂದ 5 ಶೇಕಡಕ್ಕೆ ಇಳಿದದ್ದು ಅವರನ್ನೂ ತಲುಪುವ ಕಡಿತ, ಅಂಗಡಿಯಲ್ಲಿ ಬೆಲೆ ನಿಜವಾಗಿ ಇಳಿದರೆ. ಹಾಗೆಯೇ 2023ರಲ್ಲಿ ಕರ್ನಾಟಕ ವೃತ್ತಿ ತೆರಿಗೆಯ ಮಿತಿಯನ್ನು ತಿಂಗಳಿಗೆ 15,000ದಿಂದ 25,000 ರೂಪಾಯಿಗೆ ಏರಿಸಿದಾಗ ಕಡಿಮೆ ಸಂಬಳದವರಿಗೆ ತಿಂಗಳಿಗೆ 200 ರೂಪಾಯಿ ಉಳಿಯಿತು. ಇವನ್ನು ಸ್ವಾಗತಿಸುತ್ತಲೇ, ಇಂಥ ಕಡಿತಗಳಿಂದ ರಾಜ್ಯಗಳಿಗಾಗುವ ನಷ್ಟವನ್ನು ತುಂಬಿಕೊಡುವ ಬಗೆಯೇನು ಎಂದು ಕೇಳುವುದು ನಮ್ಮ ಕರ್ತವ್ಯ.

ಹೀಗಾಗಿ ಕಾರ್ಯಕಾರಿ ಸಮಿತಿಯಲ್ಲಿ ಮನವಿಯ ಕರಡನ್ನು ಮಂಡಿಸುವಾಗ ಆದಾಯ ತೆರಿಗೆ ಕಟ್ಟುವ ಸದಸ್ಯರನ್ನೂ ಗೌರವಧನ ಪಡೆಯುವ ಸದಸ್ಯರನ್ನೂ ಒಟ್ಟಿಗೆ ಕೂರಿಸಿ ಮಾತಾಡಿಸಬೇಕು. ಯಾವ ಬೇಡಿಕೆ ಮೊದಲು ಬರಬೇಕೆಂಬುದು ಅಲ್ಲಿ ಠರಾವಾಗಬೇಕು. ನನ್ನ ಅಭಿಪ್ರಾಯದಲ್ಲಿ ಕೈಗೆ ಕಡಿಮೆ ಬರುವವರ ಬೇಡಿಕೆಯೇ ಮೊದಲ ಪುಟದ ಮೊದಲ ಸಾಲಾಗಬೇಕು.

ಎದುರಾಗುವ ವಾದಗಳು

ತೆರಿಗೆ ಇಳಿಸಿದರೆ ಹೂಡಿಕೆ ಹೆಚ್ಚುತ್ತದೆ, ಕೆಲಸಗಳು ಹುಟ್ಟುತ್ತವೆ, ಕೊನೆಗೆ ತೆರಿಗೆಯೂ ಹೆಚ್ಚು ಬರುತ್ತದೆ ಎಂಬುದು ಮೊದಲ ವಾದ. ಇದಕ್ಕೆ ಅವಸರದ ಉತ್ತರ ಬೇಡ. ಕಾರ್ಪೊರೇಟ್ ತೆರಿಗೆ ಸಂಗ್ರಹ 2018-19ರ ಸುಮಾರು 6.63 ಲಕ್ಷ ಕೋಟಿಯಿಂದ 2019-20ರಲ್ಲಿ ಸುಮಾರು 5.57 ಲಕ್ಷ ಕೋಟಿಗೆ ಇಳಿದದ್ದು ನಿಜ, ಆದರೆ ಆ ವರ್ಷ ಆರ್ಥಿಕತೆಯೂ ನಿಧಾನವಾಗಿತ್ತು. ಮುಂದಿನ ವರ್ಷದ ಕುಸಿತಕ್ಕೆ ಕೋವಿಡ್ ಕಾರಣವೂ ಸೇರಿದೆ. ಆಮೇಲೆ ಸಂಗ್ರಹ ಏರಿ 2023-24ರಲ್ಲಿ 9 ಲಕ್ಷ ಕೋಟಿ ದಾಟಿತು. ಇಷ್ಟನ್ನು ಒಪ್ಪಿಕೊಂಡೇ ಎರಡು ಸಂಗತಿಗಳನ್ನು ಮುಂದಿಡಿ. ಅದೇ 2023-24ರಲ್ಲಿ ವೈಯಕ್ತಿಕ ಆದಾಯ ತೆರಿಗೆ 10 ಲಕ್ಷ ಕೋಟಿ ದಾಟಿ ಕಂಪನಿಗಳ ತೆರಿಗೆಯನ್ನು ಹಿಂದಿಕ್ಕಿತು. ಎರಡನೆಯದಾಗಿ, 2023-24ರ ಕೇಂದ್ರ ಆರ್ಥಿಕ ಸಮೀಕ್ಷೆಯೇ 33,000ಕ್ಕೂ ಹೆಚ್ಚು ಕಂಪನಿಗಳ ಲೆಕ್ಕ ನೋಡಿ, 2019-20ರಿಂದ 2022-23ರ ನಡುವೆ ತೆರಿಗೆಗೆ ಮುಂಚಿನ ಲಾಭ ಹೆಚ್ಚುಕಡಿಮೆ ನಾಲ್ಕು ಪಟ್ಟಾಯಿತೆಂದೂ, ನೇಮಕಾತಿ ಮತ್ತು ವೇತನಗಳ ಬೆಳವಣಿಗೆ ಅದಕ್ಕೆ ಸಾಟಿಯಾಗಲಿಲ್ಲವೆಂದೂ ದಾಖಲಿಸಿದೆ. ಇದು ಸಂಘದ ಕರಪತ್ರದ ಮಾತಲ್ಲ, ಸರ್ಕಾರದ ಮುದ್ರಿತ ದಾಖಲೆಯ ಮಾತು. ಇನ್ನು ಮುಂದೆ ಕೊಡುವ ಯಾವುದೇ ರಿಯಾಯಿತಿಯನ್ನು ಕಾಯಂ ನೇಮಕಾತಿಯ ಷರತ್ತಿಗೆ ಕಟ್ಟಬೇಕೆಂಬ ಬೇಡಿಕೆಗೆ ಇದಕ್ಕಿಂತ ಗಟ್ಟಿ ಆಧಾರ ಸಿಗುವುದಿಲ್ಲ.

ರಾಜ್ಯ ಮಟ್ಟದಲ್ಲಿ ಎದುರಾಗುವುದು ಬೇರೆ ವಾದ: ಸಂಬಳ, ಪಿಂಚಣಿ, ಬಡ್ಡಿ ಇಂಥ ಬದ್ಧ ವೆಚ್ಚಗಳಲ್ಲಿಯೇ ವರಮಾನದ ಬಹುಭಾಗ ಹೋಗುತ್ತಿದೆ, ಹೊಸ ನೇಮಕಕ್ಕೆ ಹಣವಿಲ್ಲ. 2002ರ ಕರ್ನಾಟಕ ವಿತ್ತೀಯ ಹೊಣೆಗಾರಿಕೆ ಕಾಯ್ದೆಯ ಮಿತಿಗಳನ್ನು, ಮುಖ್ಯವಾಗಿ ರಾಜ್ಯದ ಒಟ್ಟು ಉತ್ಪನ್ನದ 3 ಶೇಕಡದ ವಿತ್ತೀಯ ಕೊರತೆಯ (ಸಾಲದಿಂದ ತುಂಬಬೇಕಾದ ಕೊರತೆಯ) ಮಿತಿಯನ್ನು, ಇದರೊಂದಿಗೆ ಉಲ್ಲೇಖಿಸುತ್ತಾರೆ. ಬಜೆಟ್‌ನೊಂದಿಗೆ ಮಂಡನೆಯಾಗುವ ಮಧ್ಯಮಾವಧಿ ವಿತ್ತೀಯ ಯೋಜನೆಯ ಪುಸ್ತಕವನ್ನು ಓದಿಕೊಂಡು ಹೋದರೆ ಈ ಮಾತಿಗೆ ಅಂಜಬೇಕಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸೇವೆ ಎಂದರೆ ದಾದಿ, ಔಷಧ ವಿತರಕ, ವೈದ್ಯ. ಅವರ ಸಂಬಳವನ್ನು ಬದ್ಧ ವೆಚ್ಚದ ಖಾನೆಗೆ ಹಾಕಿ, ಕಟ್ಟಡದ ಸಿಮೆಂಟನ್ನು ಮಾತ್ರ ಅಭಿವೃದ್ಧಿ ಎಂದು ಕರೆದರೆ, ಬೀಗ ಹಾಕಿದ ಹೊಸ ಕಟ್ಟಡಗಳು ನಮಗೆ ಸಿಗುತ್ತವೆ.

ಬರೆಯುವುದು, ತಲುಪಿಸುವುದು

ಮನವಿಯ ಪ್ರತಿ ಬೇಡಿಕೆಯೂ ಒಂದೇ ವಾಕ್ಯದಲ್ಲಿರಲಿ, ಅದರ ಕೆಳಗೆ ವೆಚ್ಚದ ಅಂಕಿ ಮತ್ತು ಹಣದ ಮೂಲ ಇರಲಿ. "ಆರೋಗ್ಯ ಇಲಾಖೆಯ ಎಲ್ಲ ಖಾಲಿ ಹುದ್ದೆಗಳನ್ನು ಕೂಡಲೇ ಭರ್ತಿ ಮಾಡಬೇಕು" ಎಂದು ಬರೆಯುವ ಬದಲು, ತಾಲ್ಲೂಕಿನಲ್ಲಿ ಮಂಜೂರಾದ ಇಷ್ಟು ದಾದಿ ಹುದ್ದೆಗಳಲ್ಲಿ ಇಷ್ಟು ಖಾಲಿಯಿವೆ, ಭರ್ತಿಗೆ ವರ್ಷಕ್ಕೆ ಇಷ್ಟು ಲಕ್ಷ ಬೇಕು, ಈ ವರ್ಷ ಮೊದಲ ಹಂತದಲ್ಲಿ ಅರ್ಧದಷ್ಟನ್ನು ಭರ್ತಿ ಮಾಡಬೇಕು ಎಂದು ಬರೆಯಿರಿ. ಗಂಭೀರವಾದ ಮನವಿಗೆ ವಿಶೇಷಣಗಳ ಅಗತ್ಯ ಕಡಿಮೆ.

ಕೇಂದ್ರ ಬಜೆಟ್ ಫೆಬ್ರವರಿ 1ರಂದು ಮಂಡನೆಯಾಗುವುದರಿಂದ ನಿಮ್ಮ ಮಾತು ಡಿಸೆಂಬರ್‌ಗೂ ಮೊದಲೇ ಕೇಂದ್ರ ಸಂಘಟನೆಯ ಕೈ ಸೇರಬೇಕು, ಸಚಿವರ ಸಭೆಗೆ ಹೋಗುವವರು ಅವರೇ. ರಾಜ್ಯ ಬಜೆಟ್ ಸಾಮಾನ್ಯವಾಗಿ ಫೆಬ್ರವರಿ ಅಥವಾ ಮಾರ್ಚ್‌ನಲ್ಲಿ ಬರುತ್ತದೆ. ಅದಕ್ಕೆ ಮುನ್ನ ಮುಖ್ಯಮಂತ್ರಿ, ಹಣಕಾಸು ಇಲಾಖೆ ಮತ್ತು ನಿಮ್ಮ ಇಲಾಖೆಯ ಕಾರ್ಯದರ್ಶಿ, ಈ ಮೂವರಿಗೂ ಮನವಿ ತಲುಪಿಸಿ ಮೊಹರಿನ ಸ್ವೀಕೃತಿ ಪಡೆಯಿರಿ. ಇನ್ನೊಂದು ಪ್ರತಿಯನ್ನು ಕ್ಷೇತ್ರದ ಶಾಸಕರಿಗೆ ಕೊಟ್ಟು, ಖಾಲಿ ಹುದ್ದೆಗಳ ಬಗ್ಗೆ ಸದನದಲ್ಲಿ ಚುಕ್ಕೆ ಗುರುತಿನ ಪ್ರಶ್ನೆ (ಸಚಿವರು ಸದನದಲ್ಲಿಯೇ ಬಾಯಿಮಾತಿನಲ್ಲಿ ಉತ್ತರಿಸಬೇಕಾದ ಪ್ರಶ್ನೆ) ಕೇಳುವಂತೆ ಕೋರಿ. ಪ್ರಶ್ನೆಯ ಕರಡನ್ನೂ ನೀವೇ ಬರೆದುಕೊಟ್ಟರೆ ಕೆಲಸ ಬೇಗ ಆಗುತ್ತದೆ.

ಬಜೆಟ್ ಮಂಡನೆಯಾದ ದಿನ ಭಾಷಣವನ್ನಷ್ಟೇ ಕೇಳಿ ಸುಮ್ಮನಾಗಬೇಡಿ. ವಿವರವಾದ ಅಂದಾಜಿನ ಸಂಪುಟದಲ್ಲಿ ನಿಮ್ಮ ಸೇವೆಯ ಲೆಕ್ಕ ಶೀರ್ಷಿಕೆಯನ್ನು, ಅಂದರೆ ಅದರ ಖರ್ಚನ್ನು ತೋರಿಸುವ ಬಾಬ್ತನ್ನು, ಹುಡುಕಿ. ಅಲ್ಲಿ ಹಿಂದಿನ ವರ್ಷದ ನಿಜವಾದ ಲೆಕ್ಕ, ಈ ವರ್ಷದ ಬಜೆಟ್ ಅಂದಾಜು, ಪರಿಷ್ಕೃತ ಅಂದಾಜು ಮತ್ತು ಮುಂದಿನ ವರ್ಷದ ಅಂದಾಜು ಎಂಬ ನಾಲ್ಕು ಕಲಂಗಳಿರುತ್ತವೆ. ಎರಡನೆಯದಕ್ಕಿಂತ ಮೂರನೆಯದು ಕಡಿಮೆಯಿದ್ದರೆ, ಕೊಟ್ಟೆವೆಂದು ಹೇಳಿದ ಹಣವನ್ನು ವರ್ಷದ ನಡುವೆ ಕೈಬಿಡಲಾಗಿದೆ ಎಂದರ್ಥ. ಆ ನಾಲ್ಕು ಅಂಕಿಗಳನ್ನು ನೀವು ಕೇಳಿದ್ದ ಮೊತ್ತದ ಪಕ್ಕದಲ್ಲಿ ಒಂದೇ ಹಾಳೆಯಲ್ಲಿ ಬರೆದು, ಮುಂದಿನ ಗೇಟ್ ಸಭೆಯಲ್ಲಿ ಓದಿ ಹೇಳಿ, ಹಾಳೆಯನ್ನು ಅಕ್ಟೋಬರ್‌ನ ಕೆಲಸಕ್ಕಾಗಿ ಕಡತದ ಮೇಲ್ಭಾಗದಲ್ಲಿ ಸೇರಿಸಿಡಿ.